ಮೂರನೆಯ ಭಾನುವಾರದ ಆಕ್ಷೇಪಣೆ

ತನ್ನ ಮದುವೆಯ ಸುದ್ದಿಯನ್ನು ಚಂಪಾ ಮೊಟ್ಟಮೊದಲು ಕೇಳಿದ್ದು ವಿಶಾಖಪಟ್ಟಣದ ಚರ್ಚೊಂದರಲ್ಲಿ, ಹೆಂಗಸರ ಕಡೆಯ ನಾಲ್ಕನೆಯ ಬೆಂಚಿನ ಮೇಲೆ ಕೂತು, ಅದೂ ತೆಲುಗಿನಲ್ಲಿ.

ಊರಿಗೆ ಬಂದು ಹನ್ನೆರಡು ದಿನವಾಗಿತ್ತು. ವಿಜಯವಾಡದ ಬ್ರಾಂಚಿನಿಂದ ಕೇಳದೆಯೇ ವರ್ಗವಾಗಿತ್ತು. ಟ್ರಂಕು, ಸ್ಟೋವು, ಒಂದು ಕಟ್ಟು ಪುಸ್ತಕ ಹೊತ್ತು ಬಂದು ಬೀಚ್ ರೋಡಿನ ಹಿಂದಿನ ಗಲ್ಲಿಯಲ್ಲಿ ರೂಮು ಹಿಡಿದಿದ್ದಳು. ಆ ಭಾನುವಾರ ಚರ್ಚಿಗೆ ಬಂದದ್ದು ಭಕ್ತಿಯಿಂದಲ್ಲ. ಬರದಿದ್ದರೆ ಬೆಟಗೇರಿಯಲ್ಲಿರುವ ಅಪ್ಪ ಹೊನ್ನಪ್ಪ ಮಾಸ್ತರರಿಗೆ ಪತ್ರದಲ್ಲಿ ಸುಳ್ಳು ಬರೆಯಬೇಕಾಗುತ್ತಿತ್ತು. ದೇವರ ಜೊತೆ ಅವಳು ಮಾತು ಬಿಟ್ಟು ಎರಡು ವರ್ಷ ಕಳೆದಿತ್ತು.

ಪ್ರಸಂಗಕ್ಕೆ ಮುಂಚೆ ಪಾಸ್ಟರ್ ಜಗನ್ಮೋಹನ್ ಕನ್ನಡಕ ಏರಿಸಿಕೊಂಡು ಒಂದು ಹಾಳೆ ಬಿಚ್ಚಿದರು. ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಸಭೆಯ ಮುಂದೆ ಓದುವುದು, ಆಕ್ಷೇಪಣೆ ಇದ್ದವರು ಎದ್ದು ಹೇಳಲಿ ಎಂದು ಕೇಳುವುದು ಚರ್ಚಿನ ಪದ್ಧತಿ. ಕೇಳುವುದೇನೋ ಕೇಳುತ್ತಾರೆ, ಯಾರೂ ಏಳುವುದಿಲ್ಲ. ಆ ಹೊತ್ತಿಗೆ ಹೆಂಗಸರು ಮಕ್ಕಳ ಮೂಗು ಒರೆಸುತ್ತಾರೆ, ಗಂಡಸರು ವಾಚು ನೋಡಿಕೊಳ್ಳುತ್ತಾರೆ.

"ನೌಕಾಪಡೆಯ ಪೆಟಿ ಆಫೀಸರ್ ಜಯವಂತ ಅವರಿಗೂ, ಕರ್ನಾಟಕದ ಬೆಟಗೇರಿಯ ಹೊನ್ನಪ್ಪನವರ ಮಗಳು ಚಂಪಾ ಅವರಿಗೂ..."

ಚಂಪಾಳ ಕಿವಿ ಬಿಸಿಯಾಯಿತು. ಕೈಯಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟು ಎದ್ದು ನಿಂತಳು.

"ನಾಕು ಅಭ್ಯಂತರಂ ಉಂದಿ," ಎಂದಳು. ಆಕ್ಷೇಪಣೆ ಇದೆ ಎಂಬುದನ್ನು ಇಡೀ ಸಭೆಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕೆಂದು ಅವಳಿಗೆ ಆ ಸಿಟ್ಟಿನಲ್ಲೂ ಹೊಳೆದಿತ್ತು.

ಪಾಸ್ಟರ್ ಕನ್ನಡಕದ ಮೇಲಿಂದ ನೋಡಿದರು. ಇಪ್ಪತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. "ನೀವು ಯಾರಮ್ಮಾ?"

"ನೀವು ಓದಿದ್ರಲ್ಲ, ಆ ಚಂಪಾ ನಾನೇ."

ಗಂಡಸರ ಕಡೆ ಮೂರನೆಯ ಸಾಲಿನಲ್ಲಿ ಜಯವಂತ ಎದ್ದ. ಬಿಳಿ ಅಂಗಿ, ಬಿಸಿಲಿಗೆ ಕಂದಿ ಕಪ್ಪಾದ ಕತ್ತು, ಹುಬ್ಬಿನ ಮೇಲೆ ಆ ಹಳೆಯ ಗಾಯದ ಗೆರೆ. ಎರಡು ವರ್ಷದಲ್ಲಿ ಒಂದು ಕೂದಲೂ ಬದಲಾಗಿರಲಿಲ್ಲ. ಅದೂ ಅವಳಿಗೆ ಅನ್ಯಾಯವೆನಿಸಿತು. ಅವನು ನೋಡಿದ, ಇವಳೂ ನೋಡಿದಳು, ಮೊದಲು ಕಣ್ಣು ತಗ್ಗಿಸಿದವನು ಅವನು. ಆಮೇಲೆ ತಡೆಯಲಾಗದೆ ಮತ್ತೆ ಎತ್ತಿದ. ಆ ಮತ್ತೆ ಎತ್ತುವ ಕಣ್ಣಿಗೇ ಒಂದು ಕಾಲದಲ್ಲಿ ಅವಳು ಸೋತಿದ್ದಳು.

*

ಆರಾಧನೆ ಮುಗಿದ ಮೇಲೆ ಪಾಸ್ಟರ್ ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದರು.

"ಕಾರಣ ಹೇಳಮ್ಮಾ. ಇವರಿಗೆ ಮೊದಲೇ ಮದುವೆ ಆಗಿದೆಯೇ?"

"ನನಗೆ ತಿಳಿದ ಮಟ್ಟಿಗೆ ಇಲ್ಲ. ಇವರನ್ನು ಕಟ್ಟಿಕೊಳ್ಳುವವರೂ ಬೇಕಲ್ಲ."

"ರಕ್ತಸಂಬಂಧ ಏನಾದರೂ?"

"ಆ ಶಿಕ್ಷೆ ಇಲ್ಲ."

"ಮತ್ತೆ?"

"ನನ್ನನ್ನು ಯಾರೂ ಕೇಳಿಲ್ಲ, ಅಯ್ಯಗಾರೂ."

ಪಾಸ್ಟರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ಹೊನ್ನಪ್ಪ ಮಾಸ್ತರರ ಒಪ್ಪಿಗೆ ಪತ್ರ ಅದಕ್ಕೆ ಪಿನ್ ಆಗಿತ್ತು, ದುಂಡು ಅಕ್ಷರ, ಸಹಿಯ ಕೆಳಗೆ ಎರಡು ಗೆರೆ. ಮಗಳ ಸಹಿ ಇರಲಿಲ್ಲ. ಅವರು ಒಳ್ಳೆಯ ಮನುಷ್ಯ, ತಪ್ಪು ತಮ್ಮದೂ ಇದೆಯೆಂದು ಒಪ್ಪಿಕೊಂಡರು. "ಮುಂದಿನ ವಾರ ಇದನ್ನು ಓದುವುದಿಲ್ಲ. ಮೂರನೆಯ ಭಾನುವಾರದವರೆಗೆ ಕಾಯುತ್ತೇನೆ. ಅವತ್ತು ನೀವೇ ಎದ್ದು ಆಕ್ಷೇಪಣೆ ಹಿಂದೆ ತೆಗೆದುಕೊಂಡರೆ ಸರಿ. ಇಲ್ಲದಿದ್ದರೆ ಹರಿದು ಹಾಕುತ್ತೇನೆ."

"ಈಗಲೇ ಹರಿದರೂ ನಡೆಯುತ್ತೆ," ಎಂದಳು ಚಂಪಾ. ಆದರೆ ಅವರು ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿದಾಗ ಅವಳ ಕಣ್ಣು ಆ ಡ್ರಾಯರಿನ ಮೇಲೆ ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು.

*

ಹೊರಗೆ ಬಾದಾಮಿ ಮರದ ಕೆಳಗೆ ಅವನು ಕಾದಿದ್ದ. ಇಬ್ಬರೇ ಆದ ಕೂಡಲೇ ತೆಲುಗು ಹಿಂದೆ ಸರಿದು ಗದಗಿನ ಮಾತು ಮುಂದೆ ಬಂತು.

"ನಿಮ್ಮಪ್ಪಾರು ಪತ್ರದಾಗ ಬರದಿದ್ರು, ನಿಮಗೂ ಒಪ್ಪಿಗಿ ಐತಿ ಅಂತ."

"ಅಪ್ಪ ನನಗ ಬರದ ಪತ್ರ ವಿಜಯವಾಡದ ಹಾಸ್ಟೆಲಿನ್ಯಾಗ ಕುಂತಿರಬೇಕು. ಉತ್ತರ ಬರಲಿಲ್ಲ, ಮಗಳು ನಾಚಿಕೊಂಡಾಳ ಅಂತ ಅವರು ತಿಳಕೊಂಡಿರಬೇಕು. ನೀವು ಏನಂತ ತಿಳಕೊಂಡ್ರಿ? ನನಗ ಕೈ ಇಲ್ಲ, ಪತ್ರ ಓದಾಕ ಬರಂಗಿಲ್ಲ ಅಂತೇನು?"

"ನಿಮಗ ಬರಿಯಾಕ ಧೈರ್ಯ ಆಗಲಿಲ್ಲ."

"ನನ್ನ ಬಿಡಾಕ ಪತ್ರ ಬರದಾಗ ಧೈರ್ಯ ಎಲ್ಲಿಂದ ಬಂದಿತ್ತು?"

ಅವನಿಗೆ ಆ ಪತ್ರ ನೆನಪಿತ್ತು. ಚಂಪಾಳಿಗಂತೂ ಅದರ ಅಲ್ಪವಿರಾಮವೂ ಬಾಯಿಪಾಠವಾಗಿತ್ತು.

ಕೊಂಡಪಲ್ಲಿಯ ಹತ್ತಿರ, ಇಬ್ರಾಹಿಂಪಟ್ಟಣದ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ ಜಯವಂತನ ಅಕ್ಕ ಕಮಲಾ ಇದ್ದಳು. ತಿಂಗಳಿಗೊಮ್ಮೆ ಅವಳ ಮನೆಯಲ್ಲಿ ಕನ್ನಡದ ಪ್ರಾರ್ಥನಾ ಕೂಟ. ಐದೋ ಆರೋ ಮನೆಯವರು, ಒಂದು ಹಾರ್ಮೋನಿಯಂ, ಕೊನೆಗೆ ಬಿಸಿ ಉಪ್ಪಿಟ್ಟು. ರಜೆಯಲ್ಲಿ ಬಂದಿದ್ದ ಜಯವಂತ ಅಲ್ಲಿ ಚಂಪಾಳನ್ನು ಕಂಡ. ಅವಳು ಶ್ರುತಿ ತಪ್ಪಿ ಹಾಡುತ್ತಿದ್ದಳು, ಆದರೆ ಎಲ್ಲರಿಗಿಂತ ಜೋರಾಗಿ. ಅವನು ನಕ್ಕ. ಅವಳು ಹಾಡು ನಿಲ್ಲಿಸದೆಯೇ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವನಿಗೆ ವಿಜಯವಾಡದ ಕಡೆ ರಜೆ ಬೀಳುವುದು ಜಾಸ್ತಿಯಾಯಿತು.

ಒಮ್ಮೆ ಕೊಂಡಪಲ್ಲಿಯಿಂದ ಒಂದು ಮರದ ಗೊಂಬೆ ತಂದುಕೊಟ್ಟ. ತಾಳೆಮರ, ಅದರ ನಡುಮಧ್ಯದಲ್ಲಿ ಸೊಂಟಕ್ಕೆ ಹಗ್ಗ ಬಿಗಿದ ಪುಟ್ಟ ಮನುಷ್ಯ. "ಥೇಟ್ ನಿಮ್ಮಂಗ ಅದಾನ," ಎಂದಿದ್ದಳು ಚಂಪಾ. "ಮ್ಯಾಲೂ ಹೋಗಂಗಿಲ್ಲ, ಕೆಳಗೂ ಇಳಿಯಂಗಿಲ್ಲ." ಅವನು ಕಿವಿಯವರೆಗೆ ಕೆಂಪಾಗಿ, ಈಸ್ಟರಿನ ಹೊತ್ತಿಗೆ ಹೇಳ್ತೀನಿ ಎಂದಿದ್ದ. ಈಸ್ಟರ್ ಬಂತು. ಅದರ ಹಿಂದೆಯೇ ನೀಲಿ ಇನ್‌ಲ್ಯಾಂಡ್ ಪತ್ರ ಬಂತು: ಇದು ದೇವರ ಚಿತ್ತವಲ್ಲ ಎಂದು ನನಗೆ ಸ್ಪಷ್ಟವಾಗಿದೆ, ಕ್ಷಮಿಸಿ. ಕಾರಣವಿಲ್ಲ, ವಿವರವಿಲ್ಲ.

"ಈಗರ ಹೇಳ್ರಿ," ಎಂದಳು ಬಾದಾಮಿ ಮರದ ಕೆಳಗೆ. "ದೇವರ ಚಿತ್ತ ನಿಮಗ ಹೆಂಗ ತಿಳೀತು? ಅಂವ ನಿಮಗ ಟೆಲಿಗ್ರಾಂ ಕಳಿಸಿದ್ನೇನು?"

ಜಯವಂತ ತನ್ನ ಬೂಟನ್ನು ನೋಡುತ್ತಲೇ ಹೇಳಿದ.

"ನಾ ಒಂದು ಗುರುತು ಕೇಳಿದ್ದೆ. ಈಸ್ಟರಿಗಿಂತ ಮೊದಲ ನಿಮ್ಮ ಬ್ಯಾಂಕಿನ ವರ್ಗದ ಪಟ್ಟಿ ಬರೂದಿತ್ತಲ್ಲ. ಅದರಾಗ ನಿಮಗ ವೈಜಾಗ್ ಸಿಕ್ಕರ ದೇವರು ಹೂಂ ಅಂದಂಗ, ಇಲ್ಲಂದ್ರ ಬ್ಯಾಡ ಅಂದಂಗ ಅಂತ. ಪಟ್ಟಿ ಬಂತು. ನಿಮ್ಮ ಹೆಸರು ಇರಲಿಲ್ಲ. ಈಗ ನಿಮ್ಮನ್ನ ತಾನಾಗೇ ಇಲ್ಲಿಗೆ ಹಾಕ್ಯಾರ ಅಂತ ಅಕ್ಕ ಬರದ್ಲು. ದೇವರು ಬಾಗಲಾ ತೆಗದ ಅಂತ ನಾ ನಿಮ್ಮಪ್ಪಾರಿಗೆ..."

ಚಂಪಾ ನಕ್ಕಳು. ಆ ನಗುವಿಗೆ ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು.

"ಆ ಪಟ್ಟಿಯೊಳಗ ನನ್ನ ಹೆಸರು ಇತ್ತು. ನಾನ ತಗಿಸಿದೆ."

ಅವನು ತಲೆ ಎತ್ತಿದ.

"ನಮ್ಮ ಬ್ರಾಂಚಿನ್ಯಾಗ ಸೂರ್ಯಕಾಂತಮ್ಮ ಅಂತ ಇದ್ರು. ಗಂಡಗ ಲಕ್ವಾ ಹೊಡದು ಇಲ್ಲೆ ಹತ್ರ ಭೀಮುನಿಪಟ್ಟಣದಾಗ ಮಲಗಿದ್ರು. ಜಾಗ ಇದ್ದದ್ದು ಒಂದ. ನಾ ಮೂರು ದಿನ ಪ್ರಾರ್ಥನಾ ಮಾಡಿದೆ. ಕೊಡು ಅಂದಂಗಾತು, ಕೊಟ್ಟೆ. ನೀವು ಒಂದು ವರ್ಷ ಕಾಯ್ತೀರಿ ಅಂತ ನಂಬಿ ಕೊಟ್ಟೆ. ಎಂಟು ದಿನಕ್ಕ ನಿಮ್ಮ ಪತ್ರ ಬಂತು." ಅವಳು ನೆಲದ ಮೇಲಿದ್ದ ಬಾದಾಮಿಯೊಂದನ್ನು ಚಪ್ಪಲಿಯಿಂದ ಒದ್ದಳು. "ದೇವರ ಮಾತು ಕೇಳಿದ್ದಕ್ಕ ನನಗ ಈ ಶಿಕ್ಷೆ. ಅವತ್ತಿಂದ ನಾ ಅವನ ಕೂಡ ಮಾತಾಡಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ನೀವ್ಯಾಕ ಕೇಳಲಿಲ್ಲ?"

ದೂರದಲ್ಲಿ ಬಂದರಿನ ಹಡಗೊಂದು ಕೂಗಿತು. ಜಯವಂತನ ಮಾತು ಕೆಳದನಿಯಲ್ಲಿ ಬಂತು. "ಅವ್ವಗ ಸಮುದ್ರ ತೋರಸ್ತೀನಿ ಅಂತ ಹಟಾ ಮಾಡಿ ಕರಕೊಂಡು ಹೊಂಟಿದ್ದೆ. ಡಾಕ್ಟರು ಬ್ಯಾಡ ಅಂದಿದ್ರು. ರಾಜಮಂಡ್ರಿ ದಾಟಿಂದ ರೈಲಿನ್ಯಾಗ ಹೋದಳು, ನನ್ನ ತೊಡಿ ಮ್ಯಾಲ. ಅವತ್ತಿಂದ ದೇವರನ್ನ ಕೇಳದ ನಾ ಒಂದು ಹೆಜ್ಜಿ ಇಟ್ಟಿಲ್ಲ."

ಅವಳಿಗೆ ಅಯ್ಯೋ ಎನಿಸಿತು. ಎನಿಸಿದ್ದನ್ನು ತೋರಿಸುವಷ್ಟು ಒಳ್ಳೆಯತನ ಅವತ್ತು ಅವಳಲ್ಲಿರಲಿಲ್ಲ.

"ಅದು ಕೇಳೂದಲ್ಲ, ಜಯವಂತ. ಕರಾರು ಹಾಕೂದು. ನಮ್ಮ ಬ್ಯಾಂಕಿನ ಪಟ್ಟಿ ದೇವರ ಬಾಯಿ ಅಲ್ಲ. ದಾರಿ ಅಂವ ತೋರಸ್ಲಿ ಅಂತೀರಿ, ನಂಬಿ ಕಾಲು ಇಡೂದು ಮಾತ್ರ ಒಲ್ಲೆ ಅಂತೀರಿ."

ಬಿಸಿಲಿಗೆ ಸೆರಗು ಹೊದ್ದು ಅವಳು ಹೊರಟುಹೋದಳು.

*

ಎರಡನೆಯ ಭಾನುವಾರ ಪಾಸ್ಟರ್ ಹಾಳೆ ಬಿಚ್ಚಲಿಲ್ಲ. ಸಭೆಯೆಲ್ಲ ಚಂಪಾಳನ್ನೇ ನೋಡಿತು. ಮೂರನೆಯ ಸಾಲಿನಲ್ಲಿ ಜಯವಂತ ಇರಲಿಲ್ಲ. ಹೆದರಿದ ಎಂದುಕೊಂಡಳು. ಹೆದರಲಿ ಎಂದೂ ಅಂದುಕೊಂಡಳು. ಆದರೂ ಆರಾಧನೆ ಮುಗಿಯುವವರೆಗೆ ಬಾಗಿಲ ಕಡೆ ಆರು ಸಲ ತಿರುಗಿ ನೋಡಿದ್ದಳು.

ಬುಧವಾರ ಅವನು ಬ್ಯಾಂಕಿಗೆ ಬಂದ. ಉಳಿತಾಯ ಖಾತೆಯ ಕೌಂಟರಿನ ಮುಂದೆ ಕ್ಯೂ ಬಾಗಿಲವರೆಗಿತ್ತು. ಬಿಳಿ ಯೂನಿಫಾರ್ಮಿನಲ್ಲಿ, ಟೋಪಿ ಕಂಕುಳಲ್ಲಿಟ್ಟು, ಅವನು ಆ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತ. ಚಂಪಾ ನೋಡಲಿಲ್ಲ. ನೋಡಲಿಲ್ಲ ಎಂದರೆ, ಅವನ ಮುಂದೆ ಹನ್ನೊಂದು ಜನ ಇದ್ದಾಗ, ಏಳು ಜನ ಇದ್ದಾಗ, ಮೂರು ಜನ ಇದ್ದಾಗ ನೋಡಲಿಲ್ಲ.

"ಪಾಸ್‌ಬುಕ್," ಎಂದಳು ಲೆಡ್ಜರಿನಿಂದ ತಲೆ ಎತ್ತದೆ.

ಕಂಬಿಯ ಕೆಳಗಿಂದ ಪಾಸ್‌ಬುಕ್ ಬಂತು. ಒಳಗೆ ಮಡಿಸಿದ ಟೈಪು ಹಾಳೆ.

"ಇದೇನು?"

"ನನ್ನ ವರ್ಗ. ಕೊಚ್ಚಿಗೆ. ಇಪ್ಪತ್ತೆರಡನೇ ತಾರೀಖು ಹೊಂಡಬೇಕು."

ಅವಳ ಪೆನ್ನು ನಿಂತಿತು. "ಹಂಗಾರ ಮುಗೀತಲ್ಲ. ಗುರುತು ಬಂತು. ಬ್ಯಾಡ ಅಂತ."

"ಬಂದಿರಬಹುದು. ನಾ ಅದನ್ನ ಓದಾಕ ಹೋಗಿಲ್ಲ."

"ಮತ್ತ ಇಲ್ಲಿಗ್ಯಾಕ ತಂದ್ರಿ?"

"ಮುಚ್ಚಿಡಬಾರದು ಅಂತ. ಈ ಸಲ ಎಲ್ಲಾ ನಿಮ್ಮ ಮುಂದ ಇಟ್ಟು ಕೇಳಬೇಕು ಅಂತ." ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ಆದರೆ ಕಣ್ಣು ತಗ್ಗಲಿಲ್ಲ. "ದೇವರ ಮನಸ್ಸಿನ್ಯಾಗ ಏನೈತಿ ನನಗ ಗೊತ್ತಿಲ್ಲ. ನನ್ನ ಮನಸ್ಸಿನ್ಯಾಗ ನೀವ ಇದ್ದೀರಿ, ಎರಡು ವರ್ಷ ಆತು. ನನ್ನ ಮದುವಿ ಆಗ್ತೀರೇನು? ಒಲ್ಲೆ ಅಂದ್ರೂ ಅದನ್ನ ನಿಮ್ಮ ಬಾಯಿಂದ ಕೇಳ್ತೀನಿ. ಬ್ಯಾರೆ ಯಾರ ಬಾಯಿಂದನೂ ಕೇಳಂಗಿಲ್ಲ."

ಹಿಂದಿದ್ದ ಮುದುಕ ಗಂಟಲು ಸರಿಮಾಡಿಕೊಂಡ. ಪಕ್ಕದ ಕೌಂಟರಿನ ಟೈಪ್‌ರೈಟರು ಯಾಕೋ ನಿಂತುಬಿಟ್ಟಿತ್ತು.

"ಆ ತಾಳಿಮರದ ಗೊಂಬಿ ಐತೇನು?" ಎಂದ ಮೆಲ್ಲಗೆ.

"ಹಾಸ್ಟೆಲಿನ್ಯಾಗಿದ್ದಾಗನ ಒಲಿಗೆ ಹಾಕಿದೆ."

"ಹಾಸ್ಟೆಲಿನ್ಯಾಗ ಒಲಿ ಎಲ್ಲಿತ್ತು?"

ಚಂಪಾ ಪಾಸ್‌ಬುಕ್ಕಿಗೆ ಮುದ್ರೆ ಒತ್ತಿದಳು. ಒತ್ತಿದ ರಭಸಕ್ಕೆ ಮಸಿ ಚಿಮ್ಮಿತು. ಅದನ್ನು ಕಂಬಿಯ ಕೆಳಗೆ ಹಿಂದಕ್ಕೆ ತಳ್ಳಿ, "ನೆಕ್ಸ್ಟ್," ಎಂದಳು.

ಅವನು ಹೋದ. ಸಂಜೆ ಲೆಡ್ಜರ್ ಮುಚ್ಚುವಾಗ ಆ ಟೈಪು ಹಾಳೆ ಅದರ ಅಡಿಯಲ್ಲಿ ಹಾಗೇ ಉಳಿದಿತ್ತು. ಅದನ್ನು ಚರ್ಚಿನ ವಿಳಾಸಕ್ಕೆ ಕಳಿಸಿಬಿಡಬೇಕೆಂದು ನಿರ್ಧರಿಸಿ ತನ್ನ ಪರ್ಸಿನಲ್ಲಿಟ್ಟುಕೊಂಡಳು.

*

ಶನಿವಾರ ಅರ್ಧ ದಿನದ ಕೆಲಸ. ಸೂರ್ಯಕಾಂತಮ್ಮ ಈಗ ಅವಳ ಬ್ರಾಂಚಿನಲ್ಲೇ ಇದ್ದಳು, ಎದುರಿನ ಮೇಜು. ಊಟಕ್ಕೆ ಬಾ ಎಂದು ಬಲವಂತ ಮಾಡಿ ಭೀಮುನಿಪಟ್ಟಣದ ಬಸ್ಸು ಹತ್ತಿಸಿದಳು.

ಬಾಗಿಲು ತೆರೆದದ್ದು ಅವಳ ಗಂಡ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಇನ್ನೂ ಮಡಚಿಕೊಂಡೇ ಇತ್ತು. ಆ ಮನುಷ್ಯ ಚಂಪಾಳಿಗಾಗಿ ಕುರ್ಚಿಯನ್ನು ತಾನೇ ಎಳೆದ. ಗೋಡೆಯಿಂದ ಮೇಜಿನವರೆಗೆ ನಾಲ್ಕು ಹೆಜ್ಜೆ, ಅದಕ್ಕೆ ಎರಡು ನಿಮಿಷ. ಯಾರೂ ಸಹಾಯಕ್ಕೆ ಹೋಗಲಿಲ್ಲ. ಹೋಗಬಾರದೆಂದು ಆ ಮನೆಯಲ್ಲಿ ನಿಯಮವಂತೆ.

"ಕೂರ್ಚೋಂಡಿ," ಎಂದ, ಒಂದೊಂದೇ ಅಕ್ಷರ ಬಿಡಿಸಿ.

ಚಂಪಾ ಕೂತಳು. ಎದುರು ನೋಡಲಾಗದೆ ಎಲೆಯನ್ನು ನೋಡಿದಳು.

ಊಟದ ನಂತರ ಸೂರ್ಯಕಾಂತಮ್ಮ ಎಲೆಯಡಿಕೆ ಮಡಿಸುತ್ತ ಹೇಳಿದಳು. "ನಿನ್ನನ್ನು ಇಲ್ಲಿಗೆ ಕರೆಸಲು ಎರಡು ವರ್ಷದಿಂದ ಯೂನಿಯನ್ ಸೆಕ್ರೆಟರಿಯ ಪ್ರಾಣ ತಿಂದಿದ್ದೇನೆ, ಗೊತ್ತಾ? ಕೊನೆಗೆ ನನ್ನ ಕಾಟ ತಾಳಲಾರದೆ ಬರೆಸಿಕೊಟ್ಟ."

"ಅಂದರೆ ನನ್ನ ವರ್ಗ ಮಾಡಿಸಿದ್ದು ನೀವು?"

"ಮತ್ತಿನ್ಯಾರು?"

"ಒಬ್ಬ ಮಹಾನುಭಾವ ಇದನ್ನು ದೇವರು ಮಾಡಿದ್ದು ಅಂತ ಊರಿಗೆಲ್ಲ ಸಾರಿದ್ದಾನೆ."

ಸೂರ್ಯಕಾಂತಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ನಾನು ಮಾಡಿದರೆ ದೇವರು ಮಾಡಿದ ಹಾಗಲ್ಲ ಅಂತ ನಿನಗೆ ಯಾರು ಹೇಳಿದರು? ಅವತ್ತು ಜಾಗ ಬಿಟ್ಟುಕೊಟ್ಟವಳು ನೀನು. ಈ ಮನೆಯಲ್ಲಿ ಅದನ್ನು ದೇವರು ಕೊಟ್ಟದ್ದು ಅಂತಲೇ ಹೇಳುತ್ತೇವೆ."

ಚಂಪಾ ಕೈ ಚಾಚಿ ಒಂದು ಎಲೆ ತೆಗೆದು ತಾನೂ ಸುಣ್ಣ ಹಚ್ಚತೊಡಗಿದಳು.

ವಾಪಸು ಬರುವಾಗ ಬಸ್ಸಿನ ಎಡಗಡೆ ಸಮುದ್ರ ಉದ್ದಕ್ಕೂ ಜೊತೆ ಬಂತು. ಕಿಟಕಿಗೆ ತಲೆಯಾನಿಸಿ ಅವಳು ಬಾಯಿಬಿಟ್ಟಳು. ಎರಡು ವರ್ಷದ ಮೇಲೆ ದೇವರಿಗೆ ಆಡಿದ ಮೊದಲ ಮಾತು ಜಗಳದ್ದು. "ಇಷ್ಟು ಮಾಡಾಂವ ಅವತ್ತ ನನಗ ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಉತ್ತರ ಬರಲಿಲ್ಲ. ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಬಸ್ಸು ಊರು ಸೇರುವ ಹೊತ್ತಿಗೆ ಮಾತು ಬಿಟ್ಟಿದ್ದು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಮುಂದೇನು ಎಂಬುದು ಆಗಲೂ ಗೊತ್ತಿರಲಿಲ್ಲ. ಕೊಚ್ಚಿ ಯಾವ ದಿಕ್ಕಿಗಿದೆ, ಅಲ್ಲಿ ಬ್ಯಾಂಕಿನ ಜಾಗ ಸಿಗುತ್ತದೋ ಇಲ್ಲವೋ, ಏನೂ ತಿಳಿಯದು. ಆದರೂ ರೂಮಿಗೆ ಬಂದು ಕಿಟಕಿಯ ಮೇಲಿದ್ದ ತಾಳೆಮರದ ಗೊಂಬೆಯ ಧೂಳು ಒರೆಸಿದಳು.

*

ಮೂರನೆಯ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಮನೆಯಲ್ಲಿ ಕಾಯಿಲೆ ಎಂದು ತಿಂಗಳುಗಟ್ಟಲೆ ಬಾರದಿದ್ದವರೂ ಅವತ್ತು ಹುಷಾರಾಗಿ ಬಂದಿದ್ದರು.

ಪಾಸ್ಟರ್ ಹಾಳೆ ಹಿಡಿದು ನಿಂತರು. ಓದುವುದೋ ಹರಿಯುವುದೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಗಂಡಸರ ಕಡೆ ಜಯವಂತ ತಲೆ ತಗ್ಗಿಸಿ ಕೂತಿದ್ದ.

ಚಂಪಾ ಎದ್ದಳು. ಈ ಸಲ ತೆಲುಗು ಬಳಸಲಿಲ್ಲ.

"ನನ್ನ ಆಕ್ಷೇಪಣೆ ಹಂಗ ಐತಿ," ಎಂದಳು, ಸ್ಪಷ್ಟವಾದ ಗದಗಿನ ಕನ್ನಡದಲ್ಲಿ. "ಈ ಮನಶ್ಯಾ ದೇವರನ್ನ ಕೇಳಿ ನನ್ನ ಬಿಟ್ಟ. ದೇವರನ್ನ ಕೇಳಿ ನನ್ನ ಹಿಡಿಯಾಕ ಬಂದ. ಎರಡೂ ಸಲ ನನ್ನ ಕೇಳಲಿಲ್ಲ. ಅದನ್ನ ನಾ ಸಾಯೂತನಕ ಮರಿಯಂಗಿಲ್ಲ. ದಿನಾ ಒಂದು ಸಲ ಎತ್ತಿ ಆಡ್ತೀನಿ. ಆದ್ರ ಮೂರನೇ ಸಲ, ಯಾವ ಗುರುತೂ ಇಲ್ಲದ, ನನ್ನ ಮುಂದ ಬಂದು ಕೇಳ್ಯಾನ. ಅದಕ್ಕ ನನ್ನ ಉತ್ತರ ಹೂಂ. ನೀವು ಓದ್ರಿ."

ಇಡೀ ಸಭೆಯಲ್ಲಿ ಅದು ಅರ್ಥವಾದದ್ದು ಒಬ್ಬನಿಗೆ. ಪಾಸ್ಟರ್ ಅವನ ಕಡೆ ತಿರುಗಿದರು. "ಏಮಂಟೋಂದಿ ಅಮ್ಮಾಯಿ?" ಹುಡುಗಿ ಏನನ್ನುತ್ತಿದ್ದಾಳೆ?

ಜಯವಂತ ಎದ್ದ. ಬೆಂಚಿನ ಅಂಚು ಹಿಡಿದುಕೊಂಡಿದ್ದ. "ಓದಿ ಎನ್ನುತ್ತಿದ್ದಾಳೆ, ಅಯ್ಯಗಾರೂ," ಎಂದ ತೆಲುಗಿನಲ್ಲಿ.

"ಅರ್ಧಾ ನುಂಗಿದ್ರಿ," ಎಂದಳು ಚಂಪಾ ಹೆಂಗಸರ ಕಡೆಯಿಂದ. "ಪೂರ್ತಿ ಹೇಳ್ರಿ."

ಅವನು ಅವಳನ್ನು ನೋಡಿದ. ಅವಳ ಮುಖ ಇನ್ನೂ ಗಂಟಿಕ್ಕಿಯೇ ಇತ್ತು, ಕೆಳತುಟಿಯ ಒಂದು ಕೊನೆ ಮಾತ್ರ ಮಾತು ಕೇಳದೆ ಮೇಲೆದ್ದಿತ್ತು. ಅವನು ಸಭೆಯ ಕಡೆ ತಿರುಗಿ ಮೊದಲಿನಿಂದ ಶುರುಮಾಡಿದ. ಬಿಟ್ಟದ್ದು, ಹಿಡಿಯಲು ಬಂದದ್ದು, ಕೇಳದೆ ಇದ್ದದ್ದು, ಅವಳು ಸಾಯುವವರೆಗೆ ಮರೆಯದೆ ಇರುವುದು, ದಿನಕ್ಕೊಂದು ಸಲ ಆಡಿ ತೋರಿಸುವುದು, ಒಂದನ್ನೂ ಬಿಡದೆ ಹೇಳಿದ. ಕೊನೆಯ ಮಾತಿಗೆ ಬಂದಾಗ ಅದನ್ನು ಸಭೆಗೆ ಹೇಳುವುದು ಬಿಟ್ಟು ಚಂಪಾಳ ಕಡೆ ತಿರುಗಿದ.

ಆ ಒಂದು ಹೂಂ ಪಾಸ್ಟರಿಗೆ ಆಗಲೇ ತಿಳಿದಿತ್ತು. ಅವರು ಕನ್ನಡಕ ಏರಿಸಿಕೊಂಡು ಓದಲು ಶುರುಮಾಡಿದರು.